ಶೇ 99 ಮರುಬಳಕೆ ಆದರೂ ಕ್ವಾರಿಗಳು ಯಾಕೆ ಮುಚ್ಚುತ್ತಿಲ್ಲ?

ಕಟ್ಟಡ ಕೆಡವಿದಾಗ ಬರುವ ಅವಶೇಷದಲ್ಲಿ ಶೇ 99ರಷ್ಟನ್ನು ಮರುಬಳಕೆ ಮಾಡುತ್ತಿದ್ದೇವೆ ಎಂದು ಸಿಂಗಾಪುರ ಲೆಕ್ಕ ಕೊಡುತ್ತದೆ. ಜಪಾನಿನಲ್ಲಿ ಒಡೆದ ಕಾಂಕ್ರೀಟಿನ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಯುರೋಪಿಯನ್ ಒಕ್ಕೂಟ 2020ರೊಳಗೆ ಶೇ 70 ಮುಟ್ಟಬೇಕು ಎಂದು 2008ರಲ್ಲೇ ಕಾನೂನು ಮಾಡಿತ್ತು. ಬಹುತೇಕ ಸದಸ್ಯ ದೇಶಗಳು ಆ ಗುರಿಯನ್ನು ದಾಟಿವೆ. ಇಷ್ಟು ಓದಿದವರಿಗೆ ಕಟ್ಟಡದ ಕಸದ ಸಮಸ್ಯೆ ಮುಗಿದೇ ಹೋಯಿತು ಅನಿಸುವುದು ಸಹಜ.

ಅದೇ ಯುರೋಪಿನ ಇನ್ನೊಂದು ಅಧಿಕೃತ ಲೆಕ್ಕ ನೋಡಿ. ಅಲ್ಲಿ ಬಳಕೆಯಾಗುವ ಒಟ್ಟು ವಸ್ತುಗಳಲ್ಲಿ ಮರುಬಳಕೆಯಿಂದ ಬಂದದ್ದು ಸುಮಾರು ಶೇ 12 ಮಾತ್ರ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿಯ ಪ್ರಕಾರ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಸುತ್ತದೆ. ಮನುಷ್ಯರಿಂದ ವಾತಾವರಣ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟು ಬರೀ ಸಿಮೆಂಟ್ ತಯಾರಿಕೆಯದು. ಒಂದು ಕಡೆ ಬಹುತೇಕ ಎಲ್ಲವೂ ಮರುಬಳಕೆ ಆಗುತ್ತಿದೆ ಎಂಬ ಸುದ್ದಿ, ಇನ್ನೊಂದು ಕಡೆ ಗುಡ್ಡಗಳು ಕರಗುತ್ತಲೇ ಇವೆ ಎಂಬ ಸುದ್ದಿ. ಯಾವುದು ಸುಳ್ಳು?

ಎರಡೂ ನಿಜ. ವಸ್ತುಗಳನ್ನು ಬಳಸಿ ಬಿಸಾಡದೆ ಮತ್ತೆ ಮತ್ತೆ ಬಳಕೆಗೆ ತರುವ ಪದ್ಧತಿಗೆ ವರ್ತುಲ ಆರ್ಥಿಕತೆ ಅಥವಾ ಸರ್ಕ್ಯುಲರ್ ಎಕಾನಮಿ ಅನ್ನುತ್ತಾರೆ. ಕಟ್ಟಡಗಳ ವಿಷಯದಲ್ಲಿ ಈ ಮಾತು ಬಂದಾಗಲೆಲ್ಲ ಚರ್ಚೆ ಅವಶೇಷ ಪುಡಿ ಮಾಡುವ ಯಂತ್ರದ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ನಿಜವಾದ ಲಾಭ ಇರುವುದು ಅದಕ್ಕಿಂತ ಬಹಳ ಮೊದಲು, ಕೆಡವಬೇಕೋ ಬೇಡವೋ ಎಂದು ತೀರ್ಮಾನಿಸುವ ಹೊತ್ತಿನಲ್ಲಿ. ಉದ್ಯೋಗ, ತೆರಿಗೆ, ವಿಮೆ, ಮನೆಗಳ ಲಭ್ಯತೆ ಎಲ್ಲವೂ ಅಲುಗಾಡುವುದು ಕೂಡ ಅಲ್ಲೇ.

ಎರಡು ಅಂಕಿ, ಎರಡು ಬೇರೆ ಪ್ರಶ್ನೆ

ಶೇ 70, ಶೇ 99 ಎಂಬ ಅಂಕಿಗಳು ಉತ್ತರಿಸುವುದು ಒಂದೇ ಪ್ರಶ್ನೆಗೆ. ಕೆಡವಿದ ಮೇಲೆ ಬಂದ ಅವಶೇಷದಲ್ಲಿ ಎಷ್ಟು ಭಾಗ ಕಸವಾಗದೆ ಇನ್ಯಾವುದೋ ಕೆಲಸಕ್ಕೆ ಬಂತು? ಅದು ಎಂಥ ಕೆಲಸ ಎಂಬುದನ್ನು ಈ ಲೆಕ್ಕ ಕೇಳುವುದಿಲ್ಲ. ಯುರೋಪಿನ ಕಾನೂನಿನಲ್ಲಂತೂ ಗುಂಡಿ ತುಂಬುವುದಕ್ಕೆ ಬಳಸಿದರೂ ಅದು ಗುರಿ ಮುಟ್ಟಿದ ಲೆಕ್ಕಕ್ಕೇ ಸೇರುತ್ತದೆ. ಸಿಂಗಾಪುರವಿರಲಿ, ಜಪಾನಿರಲಿ, ನೆದರ್‌ಲ್ಯಾಂಡ್ಸ್ ಇರಲಿ, ಒಡೆದ ಕಾಂಕ್ರೀಟಿನ ದೊಡ್ಡ ಪಾಲು ಹೋಗುವುದು ರಸ್ತೆಯ ತಳಪಾಯಕ್ಕೆ.

ಇದನ್ನು ಕೀಳಾಗಿ ನೋಡಬೇಕಿಲ್ಲ. ರಸ್ತೆಗೆ ಹೇಗೂ ಜಲ್ಲಿ ಬೇಕು. ಹಳೆಯ ಕಾಂಕ್ರೀಟ್ ಆ ಜಾಗ ತುಂಬಿದರೆ ಅಷ್ಟು ಹೊಸ ಜಲ್ಲಿ ಉಳಿಯುತ್ತದೆ, ಕಸ ಸುರಿಯುವ ಜಾಗವೂ ಉಳಿಯುತ್ತದೆ. ಆದರೆ ಒಂದು ಕಾಲಕ್ಕೆ ಹತ್ತು ಮಹಡಿ ಹೊತ್ತಿದ್ದ ವಸ್ತು ಈಗ ಬರೀ ಕಲ್ಲುಚೂರಿನ ಕೆಲಸ ಮಾಡುತ್ತಿದೆ. ಅದನ್ನು ಕಂಬವಾಗಿ, ತೊಲೆಯಾಗಿ ಗಟ್ಟಿಗೊಳಿಸಲು ಸುರಿದ ಸಿಮೆಂಟ್, ಸುಟ್ಟ ಇಂಧನ ಎಲ್ಲ ಅಲ್ಲಿಗೆ ಮುಗಿಯಿತು. ಆ ಜಾಗದಲ್ಲಿ ಏಳುವ ಹೊಸ ಕಟ್ಟಡಕ್ಕೆ ಮತ್ತೆ ಹೊಸ ಸಿಮೆಂಟೇ ಬೇಕು.

ಶೇ 12 ಎಂಬ ಅಂಕಿ ಕೇಳುವ ಪ್ರಶ್ನೆ ಬೇರೆ. ಹೊಸದಾಗಿ ಬಳಸುತ್ತಿರುವ ವಸ್ತುಗಳಲ್ಲಿ ಹಳೆಯದರ ಪಾಲು ಎಷ್ಟು? ಇದು ಬರೀ ಕಟ್ಟಡಗಳ ಲೆಕ್ಕವಲ್ಲ, ಇಡೀ ಆರ್ಥಿಕತೆಯದು. ಆದರೂ ತೂಕದ ಲೆಕ್ಕದಲ್ಲಿ ಕಲ್ಲು, ಮರಳು, ಜಲ್ಲಿಯ ಭಾರ ಇದರಲ್ಲಿ ಬಹಳ ಜಾಸ್ತಿ. ಕೆಡವುವುದಕ್ಕಿಂತ ಕಟ್ಟುವುದು ಜಾಸ್ತಿ ಇರುವವರೆಗೆ ಈ ಅಂಕಿ ಏರುವುದು ಕಷ್ಟ. ಜಗತ್ತಿನ ಕಟ್ಟಡಗಳ ಒಟ್ಟು ವಿಸ್ತೀರ್ಣ 2060ರ ಹೊತ್ತಿಗೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವಸಂಸ್ಥೆಯ 2017ರ ವರದಿಯೊಂದು ಅಂದಾಜಿಸಿತ್ತು. ಹಾಗಾದರೆ ಇಂದು ಒಡೆಯುವ ಪ್ರತಿಯೊಂದು ಗೋಡೆಯನ್ನೂ ಒಂದು ಚೂರೂ ಬಿಡದೆ ಮರುಬಳಕೆ ಮಾಡಿದರೂ, ಕಟ್ಟಬೇಕಾದದ್ದರಲ್ಲಿ ಅದು ಸಣ್ಣ ಪಾಲು. ಕ್ವಾರಿಗಳು ನಡೆಯುತ್ತಲೇ ಇರುವುದಕ್ಕೆ ಮುಖ್ಯ ಕಾರಣ ಇದು.

ಗಂಟು ಇರುವುದು ಸಿಮೆಂಟಿನಲ್ಲಿ

ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಗೂಡಿನಲ್ಲಿ ಕಾಯಿಸುತ್ತಾರೆ. ಬಿಸಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತದೆ. ಈ ದಾರಿಯಲ್ಲಿ ಕಲ್ಲು ಒಡೆದು, ತನ್ನೊಳಗೆ ಹಿಡಿದಿಟ್ಟಿದ್ದ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಸಿಮೆಂಟಿನಿಂದ ಬರುವ ಮಾಲಿನ್ಯದಲ್ಲಿ ಸುಮಾರು ಶೇ 60 ಈ ರಾಸಾಯನಿಕ ಕ್ರಿಯೆಯದೇ. ಉಳಿದದ್ದರಲ್ಲಿ ಹೆಚ್ಚಿನದು ಇಂಧನದ್ದು. ಆದ್ದರಿಂದ ಗೂಡಿನ ಇಂಧನವನ್ನು ಪೂರ್ತಿ ಸ್ವಚ್ಛ ಮಾಡಿದರೂ ದೊಡ್ಡ ಪಾಲು ಹಾಗೇ ಉಳಿಯುತ್ತದೆ.

ಕಾಂಕ್ರೀಟ್ ಪುಡಿ ಮಾಡಿದಾಗ ಸಿಗುವುದು ಜಲ್ಲಿ, ಸಿಮೆಂಟ್ ಅಲ್ಲ. ಇಂಗಾಲದ ದೃಷ್ಟಿಯಿಂದ ಜಲ್ಲಿಯ ಪಾಲು ಮೊದಲೇ ಚಿಕ್ಕದು. ಅದನ್ನು ಉಳಿಸಿದರೆ ಗುಡ್ಡ ಮತ್ತು ನದಿ ಉಳಿಯುತ್ತವೆ, ಹವಾಮಾನಕ್ಕೆ ಆಗುವ ಲಾಭ ಮಾತ್ರ ಅಲ್ಪ. ಇನ್ನೂ ಒಂದು ತೊಡಕಿದೆ. ಮರುಬಳಕೆಯ ಜಲ್ಲಿಗೆ ಹಳೆಯ ಗಾರೆ ಅಂಟಿಕೊಂಡಿರುತ್ತದೆ, ಅದು ನೀರನ್ನು ಜಾಸ್ತಿ ಹೀರುತ್ತದೆ. ಅಷ್ಟೇ ಗಟ್ಟಿಯ ಕಾಂಕ್ರೀಟ್ ಬೇಕೆಂದರೆ ಕೆಲವೊಮ್ಮೆ ಸಿಮೆಂಟ್ ಹೆಚ್ಚಿಗೆ ಹಾಕಬೇಕಾಗುತ್ತದೆ. ಆಗ ಉಳಿಸಿದ ಇಂಗಾಲ ಅಲ್ಲೇ ಖರ್ಚಾಗಿಬಿಡಬಹುದು. ಇದೇ ಕಾರಣಕ್ಕೆ ಭಾರ ಹೊರುವ ಕಾಂಕ್ರೀಟಿನಲ್ಲಿ ಇಂಥ ಜಲ್ಲಿ ಎಷ್ಟಿರಬಹುದು ಎಂಬುದಕ್ಕೆ ಗುಣಮಟ್ಟದ ನಿಯಮಗಳು ಮಿತಿ ಹಾಕುತ್ತವೆ. ಭಾರತದ ಐಎಸ್ 383 ಮಾನದಂಡದ 2016ರ ಆವೃತ್ತಿ, ಕಬ್ಬಿಣದ ಸರಳಿರುವ, ಗಟ್ಟಿತನದಲ್ಲಿ ಎಂ 25 ದರ್ಜೆವರೆಗಿನ ಕಾಂಕ್ರೀಟಿಗೆ ಶೇ 20ರ ಮಿತಿ ಇಟ್ಟಿದೆ.

ದಾರಿಯ ಲೆಕ್ಕವೂ ಇದೆ. ಜಲ್ಲಿ ಭಾರದ್ದು, ಬೆಲೆ ಕಡಿಮೆಯದು. ಪುಡಿ ಮಾಡುವ ಘಟಕ ದೂರದಲ್ಲಿದ್ದರೆ ಲಾರಿಯ ಡೀಸೆಲ್ಲೇ ಲಾಭವನ್ನು ನುಂಗುತ್ತದೆ. ಮರುಬಳಕೆ ಘಟಕ ನಗರದ ಹತ್ತಿರವೇ ಇರಬೇಕು ಎಂದು ತಜ್ಞರು ಒತ್ತಿ ಹೇಳುವುದು ಇದಕ್ಕೇ. ಆದರೆ ಆ ಧೂಳು, ಸದ್ದನ್ನು ಮನೆಯ ಪಕ್ಕದಲ್ಲಿ ಯಾರು ಒಪ್ಪುತ್ತಾರೆ?

ಭರವಸೆಯ ಸುದ್ದಿಯೂ ಇದೆ. ಹಳೆಯ ಕಾಂಕ್ರೀಟಿನಿಂದ ಬೇರ್ಪಡಿಸಿದ ಸಿಮೆಂಟ್ ಪುಡಿಯನ್ನು, ಉಕ್ಕಿನ ಗುಜರಿ ಕರಗಿಸುವ ವಿದ್ಯುತ್ ಕುಲುಮೆಯಲ್ಲಿ ಸುಣ್ಣದ ಬದಲಿಗೆ ಹಾಕಿ ಮತ್ತೆ ಸಿಮೆಂಟಿನ ಕಚ್ಚಾವಸ್ತು ಪಡೆಯಬಹುದು ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ತೋರಿಸಿದರು. ಇದು ದೊಡ್ಡ ಪ್ರಮಾಣದಲ್ಲಿ ಸಾಧ್ಯವಾದರೆ ಮೇಲಿನ ಗಂಟು ಸ್ವಲ್ಪ ಸಡಿಲವಾಗುತ್ತದೆ. ಆದರೆ ಎಷ್ಟು ಕುಲುಮೆಗಳಿವೆಯೋ ಅಷ್ಟೇ ಸಿಮೆಂಟ್ ಸಿಗುತ್ತದೆ ಎಂಬುದನ್ನೂ ನೆನಪಿಡಬೇಕು.

ಕೆಡವುವುದೇ, ಉಳಿಸುವುದೇ?

ಈ ವಾದ ಅತಿ ಜೋರಾಗಿ ಕೇಳಿಬಂದದ್ದು ಲಂಡನ್ನಿನಲ್ಲಿ. ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿರುವ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಕಂಪನಿ ತನ್ನ ಹಳೆಯ ಮಳಿಗೆಯನ್ನು ಕೆಡವಿ ಹೊಸದು ಕಟ್ಟಲು ಹೊರಟಿತು. 2023ರ ಜುಲೈನಲ್ಲಿ ಆಗಿನ ಸಚಿವ ಮೈಕಲ್ ಗೋವ್ ಅನುಮತಿ ನಿರಾಕರಿಸಿದರು. 2024ರ ಮಾರ್ಚ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊಸ ಸಚಿವೆ ಏಂಜೆಲಾ ರೇನರ್ ಒಪ್ಪಿಗೆ ಕೊಟ್ಟರು. ಒಂದೇ ಕಟ್ಟಡ, ಒಂದೇ ಕಾನೂನು, ಎರಡು ವಿರುದ್ಧ ತೀರ್ಮಾನ. ಓದುಗರಿಗೆ ಗೊಂದಲವಾದರೆ ಅದರಲ್ಲಿ ಆಶ್ಚರ್ಯವಿಲ್ಲ.

ಕೆಡವುವ ಪರವಾಗಿದ್ದವರ ಮಾತು ಹೀಗಿತ್ತು. ಹಳೆಯ ಕಟ್ಟಡಕ್ಕೆ ಬೆಚ್ಚಗಿಡಲು, ದೀಪ ಉರಿಸಲು ಜಾಸ್ತಿ ಇಂಧನ ಬೇಕು. ಹೊಸದಕ್ಕೆ ಬಹಳ ಕಡಿಮೆ ಸಾಕು. ಕಟ್ಟುವಾಗ ಆದ ಮಾಲಿನ್ಯವನ್ನು ಕೆಲವು ವರ್ಷಗಳ ಉಳಿತಾಯ ತೀರಿಸುತ್ತದೆ. ಬೀದಿಗೆ ವ್ಯಾಪಾರವೂ ಮರಳುತ್ತದೆ. ಸೇವ್ ಬ್ರಿಟನ್ಸ್ ಹೆರಿಟೇಜ್ ಸಂಸ್ಥೆಯೂ ಅದರ ಜೊತೆಗಿದ್ದವರೂ ಇದನ್ನು ಒಪ್ಪಲಿಲ್ಲ. ಹೊಸ ಕಟ್ಟಡ ಕಟ್ಟುವಾಗಲೇ ಸುಮಾರು 40,000 ಟನ್ ಇಂಗಾಲದ ಡೈಆಕ್ಸೈಡ್ ವಾತಾವರಣಕ್ಕೆ ಸೇರುತ್ತದೆ, ಇರುವುದನ್ನೇ ಯಾಕೆ ಸರಿಪಡಿಸಬಾರದು ಎಂದು ಕೇಳಿದರು.

ನನ್ನ ಮಟ್ಟಿಗೆ ಎರಡನೆಯ ವಾದವೇ ಗಟ್ಟಿ. ಕಾರಣ ಕಾಲದ ಲೆಕ್ಕ. ಕಟ್ಟುವಾಗಿನ ಮಾಲಿನ್ಯ ಇವತ್ತೇ, ಒಂದೇ ಸಲಕ್ಕೆ ಆಗುತ್ತದೆ. ಉಳಿತಾಯ ಮುಂದಿನ ಹತ್ತಾರು ವರ್ಷಗಳಲ್ಲಿ ಚೂರುಚೂರೇ ಬರುತ್ತದೆ. ಜೊತೆಗೆ ಗಾಳಿ, ಬಿಸಿಲಿನಿಂದ ಬರುವ ವಿದ್ಯುತ್ ಹೆಚ್ಚಿದಂತೆ ಪ್ರತಿ ಯೂನಿಟ್ ವಿದ್ಯುತ್ತಿನ ಇಂಗಾಲ ಕಡಿಮೆಯಾಗುತ್ತದೆ. ಆಗ ಹೊಸ ಕಟ್ಟಡ ಉಳಿಸಿಕೊಡುವ ಇಂಗಾಲವೂ ಅಂದುಕೊಂಡದ್ದಕ್ಕಿಂತ ಕಡಿಮೆಯಾಗುತ್ತದೆ. ಇಂದಿನ ವಿದ್ಯುತ್ತಿನ ಲೆಕ್ಕ ಹಿಡಿದು ಮೂವತ್ತು ವರ್ಷದ ಲಾಭ ಹೇಳುವುದು ಸರಿಯಾಗುವುದಿಲ್ಲ.

ಉಳಿಸಿಕೊಳ್ಳುವುದು ಬರೀ ಮಾತಲ್ಲ ಎಂಬುದಕ್ಕೆ ಸಿಡ್ನಿಯ ಕ್ವೇ ಕ್ವಾರ್ಟರ್ ಟವರ್ ಇದೆ. 1976ರ ಗಗನಚುಂಬಿಯೊಂದರ ಕಂಬ, ತೊಲೆ, ಮಹಡಿಗಳಲ್ಲಿ ಸುಮಾರು ಶೇ 65ರಷ್ಟನ್ನೂ ನಡುವಿನ ಗಟ್ಟಿ ಗೋಡೆಗಳಲ್ಲಿ ಶೇ 95ರಷ್ಟನ್ನೂ ಉಳಿಸಿಕೊಂಡು, ಅದರ ಸುತ್ತ ಇನ್ನೂ ದೊಡ್ಡ ಕಟ್ಟಡ ಕಟ್ಟಿದರು. 2022ರಲ್ಲಿ ಅದು ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವರ್ಷದ ಕಟ್ಟಡ ಎಂಬ ಪ್ರಶಸ್ತಿ ಪಡೆಯಿತು. ಎಲ್ಲ ಕಟ್ಟಡಗಳಿಗೂ ಇದು ಆಗುವುದಿಲ್ಲ, ನಿಜ. ಛಾವಣಿ ತೀರಾ ಕೆಳಗಿದ್ದರೆ, ಭೂಕಂಪಕ್ಕೆ ತಡೆಯದಿದ್ದರೆ, ಸರಳುಗಳು ತುಕ್ಕು ಹಿಡಿದಿದ್ದರೆ ಕೆಡವಲೇಬೇಕಾಗುತ್ತದೆ. ಅದನ್ನು ಪರೀಕ್ಷೆ ಮಾಡಿ ನಿರ್ಧರಿಸಬೇಕೇ ಹೊರತು ಮೊದಲೇ ತೀರ್ಮಾನಿಸಿ ಆಮೇಲೆ ಕಾರಣ ಹುಡುಕಬಾರದು.

ಇಲ್ಲಿ ತೆರಿಗೆಯ ಪಾತ್ರ ದೊಡ್ಡದು. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟುವ ಕೆಲಸಕ್ಕೆ ವ್ಯಾಟ್ ಸೊನ್ನೆ. ಹಳೆಯ ಮನೆ ರಿಪೇರಿಗೆ ಸಾಮಾನ್ಯವಾಗಿ ಶೇ 20. ಸರ್ಕಾರ ಒಂದು ಕೈಯಲ್ಲಿ ಉಳಿಸಿ ಎಂದು ಹೇಳಿ ಇನ್ನೊಂದು ಕೈಯಲ್ಲಿ ಕೆಡವುವವರಿಗೇ ರಿಯಾಯಿತಿ ಕೊಟ್ಟಂತಾಯಿತು, ಅಲ್ವಾ? ಇಂಥ ತೆರಿಗೆ ಸರಿಪಡಿಸದೆ ಕಟ್ಟಡದ ಮಾಲೀಕರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ.

ಬಿಚ್ಚಲು ಬರುವಂತೆ ಕಟ್ಟುವುದು

ಡೆನ್ಮಾರ್ಕಿನಲ್ಲಿ ಹಳೆಯ ಇಟ್ಟಿಗೆಗಳನ್ನು ಸ್ವಚ್ಛ ಮಾಡಿ ಮಾರುವ ಉದ್ಯಮವೇ ಇದೆ. ಆದರೆ ಅವರಿಗೆ ಬೇಕಾದದ್ದು ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ, ತಟ್ಟಿದರೆ ಬಿಡುತ್ತದೆ. 1960ರ ದಶಕದಿಂದ ಈಚೆಗೆ ಸಿಮೆಂಟ್ ಗಾರೆ ರೂಢಿಗೆ ಬಂತು. ಅದು ಇಟ್ಟಿಗೆಗಿಂತ ಗಟ್ಟಿ. ಬಿಡಿಸಲು ಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಕೋಪನ್‌ಹೇಗನ್ನಿನ ರಿಸೋರ್ಸ್ ರೋಸ್ ಎಂಬ ವಸತಿ ಸಮುಚ್ಚಯದವರು ಇದಕ್ಕೆ ಬೇರೆ ದಾರಿ ಕಂಡುಕೊಂಡರು. ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಹಳೆಯ ಗೋಡೆಗಳನ್ನು ಚೌಕಗಳಾಗಿ ಗರಗಸದಲ್ಲಿ ಕತ್ತರಿಸಿ, ಹಾಗೇ ಎತ್ತಿ ಹೊಸ ಮನೆಗಳ ಹೊರಗೋಡೆಗೆ ಕೂರಿಸಿದರು.

ಐವತ್ತು ವರ್ಷದ ಹಿಂದೆ ಗಾರೆಯ ಬಗ್ಗೆ ಯಾರೋ ಮಾಡಿದ ಆಯ್ಕೆ ಇಂದು ಮರುಬಳಕೆ ಸಾಧ್ಯವೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತಿದೆ. ಹಾಗೆಯೇ ಇಂದು ಅಂಟು, ಫೋಮ್, ಬೆಸುಗೆ ಹಾಕಿ ಕೂಡಿಸಿದ ಗೋಡೆಗಳು ಮುಂದಿನ ತಲೆಮಾರಿಗೆ ಬರೀ ಕಸವಾಗುತ್ತವೆ. ನಟ್ಟು, ಬೋಲ್ಟು, ಸ್ಕ್ರೂ ಹಾಕಿ ಕೂಡಿಸಿದರೆ ಬಿಚ್ಚಬಹುದು. ಆಮ್‌ಸ್ಟರ್‌ಡ್ಯಾಮಿನಲ್ಲಿ 2016ರಲ್ಲಿ ಕಟ್ಟಿದ ತಾತ್ಕಾಲಿಕ ನ್ಯಾಯಾಲಯವನ್ನು ಐದು ವರ್ಷದ ಮೇಲೆ ಬಿಚ್ಚಿ, ಎನ್ಸ್‌ಖಡೆ ನಗರಕ್ಕೆ ಸಾಗಿಸಿ, ಕಚೇರಿಯಾಗಿ ಮತ್ತೆ ಕಟ್ಟಿದರು.

ಆದರೂ ಒಂದು ಎಚ್ಚರಿಕೆ ಬೇಕು. ಈ ನ್ಯಾಯಾಲಯದಲ್ಲಿ ಕಟ್ಟಿದವರು, ಬಿಚ್ಚಿದವರು ಎಲ್ಲ ಅದೇ ಕಾಲದವರು. ಇಂದು ಕಟ್ಟುವ ಸಾಮಾನ್ಯ ಮನೆಯನ್ನು ಬಿಚ್ಚುವುದು ಬಹುಶಃ 2080ರ ಹೊತ್ತಿಗೆ. ಅಷ್ಟರಲ್ಲಿ ಮಾಲೀಕರು ಬದಲಾಗಿರುತ್ತಾರೆ, ನಕ್ಷೆ ಕಳೆದಿರುತ್ತದೆ. ಯಾವ ಗೋಡೆಯಲ್ಲಿ ಯಾವ ವಸ್ತು ಇದೆ ಎಂದು ದಾಖಲಿಸುವ ‘ಮೆಟೀರಿಯಲ್ ಪಾಸ್‌ಪೋರ್ಟ್’ ಎಂಬ ವ್ಯವಸ್ಥೆ ಬರುತ್ತಿರುವುದು ಇದಕ್ಕೇ. ಆ ದಾಖಲೆಯನ್ನು ಅರವತ್ತು ವರ್ಷ ಕಾಯುವವರು ಯಾರು ಎಂಬುದು ಇನ್ನೂ ಗಟ್ಟಿಯಾಗಿಲ್ಲ. ಹೀಗಾಗಿ ಬಿಚ್ಚಲು ಬರುತ್ತದೆ ಎಂಬ ಭರವಸೆಯನ್ನೇ ಇಂದಿನ ಇಂಗಾಲದ ಉಳಿತಾಯ ಎಂದು ಬರೆದುಕೊಳ್ಳುವುದು ತಪ್ಪು.

ಕೆಲಸ ಯಾರಿಗೆ, ಧೂಳು ಯಾರಿಗೆ?

ವಾಲ್ಟರ್ ಸ್ಟಾಹೆಲ್ ಮತ್ತು ಜೆನೆವೀವ್ ರೆಡೆ ಎಂಬ ಸಂಶೋಧಕರು 1976ರಲ್ಲೇ ಯುರೋಪಿಯನ್ ಕಮಿಷನ್‌ಗೆ ಒಂದು ವರದಿ ಕೊಟ್ಟಿದ್ದರು. ಕೈಗಾರಿಕೆ ಬಳಸುವ ಇಂಧನದಲ್ಲಿ ಸುಮಾರು ಮುಕ್ಕಾಲು ಪಾಲು ಸಿಮೆಂಟ್, ಉಕ್ಕಿನಂಥ ಮೂಲ ವಸ್ತುಗಳ ತಯಾರಿಕೆಗೆ ಹೋಗುತ್ತದೆ, ಅವುಗಳಿಂದ ಸಿದ್ಧ ವಸ್ತು ಮಾಡಲು ಕಾಲು ಪಾಲು ಸಾಕು. ಮನುಷ್ಯರ ದುಡಿಮೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಅಂದಮೇಲೆ ಹೊಸದು ತಯಾರಿಸುವ ಬದಲು ಇರುವುದನ್ನು ಸರಿಪಡಿಸಿದರೆ ಇಂಧನ ಉಳಿಯುತ್ತದೆ, ಕೈಗಳಿಗೆ ಕೆಲಸ ಸಿಗುತ್ತದೆ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ ಇದನ್ನು ಕಾನೂನು ಮಾಡಿತು. 1916 ಅಥವಾ ಅದಕ್ಕೂ ಹಿಂದಿನ ಮನೆಗಳನ್ನು ಯಂತ್ರದಿಂದ ಉರುಳಿಸುವಂತಿಲ್ಲ, ಕೈಯಿಂದ ಬಿಚ್ಚಬೇಕು ಎಂಬ ನಿಯಮ 2016ರಲ್ಲಿ ಜಾರಿಗೆ ಬಂತು. ಆಮೇಲೆ ಈ ಮಿತಿಯನ್ನು 1940ರವರೆಗಿನ ಮನೆಗಳಿಗೂ ವಿಸ್ತರಿಸಿದರು. ಬಿಚ್ಚುವುದಕ್ಕೆ ಜನ ಜಾಸ್ತಿ ಬೇಕು, ದಿನಗಳೂ ಜಾಸ್ತಿ. ಅದೇ ಉದ್ಯೋಗ ಸೃಷ್ಟಿ ಎಂದು ಒಂದು ಪಕ್ಷ ಹೇಳಿದರೆ, ಅದೇ ಖರ್ಚು ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಇಬ್ಬರೂ ಹೇಳುತ್ತಿರುವುದು ಒಂದೇ ಹಣದ ಬಗ್ಗೆ. ಕೂಲಿಯ ಮೇಲೆ ತೆರಿಗೆ ಭಾರವಾಗಿದ್ದು, ಹೊಸ ಜಲ್ಲಿ, ಮರ ಅಗ್ಗವಾಗಿ ಸಿಗುವ ದೇಶಗಳಲ್ಲಿ ಬಿಚ್ಚುವವರು ಸೋಲುತ್ತಾರೆ.

ಈ ಚರ್ಚೆಯಲ್ಲಿ ಸದಾ ಹಿಂದೆ ಬೀಳುವವರು ಇನ್ನೊಬ್ಬರಿದ್ದಾರೆ. ಬಡ ದೇಶಗಳ ನಗರಗಳಲ್ಲಿ ಹಳೆಯ ಬಾಗಿಲು, ಕಿಟಕಿ, ಸರಳು, ಇಟ್ಟಿಗೆ ಬಿಡಿಸಿ ಮಾರಿ ಬದುಕುವ ಸಾವಿರಾರು ಕುಟುಂಬಗಳು ಮೊದಲಿನಿಂದಲೂ ಇವೆ. ವರ್ತುಲ ಆರ್ಥಿಕತೆ ಎಂಬ ಹೆಸರು ಕೇಳದೆಯೇ ಅವರು ಆ ಕೆಲಸ ಮಾಡಿಕೊಂಡು ಬಂದಿದ್ದಾರೆ. ಲೈಸೆನ್ಸ್, ದೊಡ್ಡ ಯಂತ್ರ, ಟೆಂಡರ್ ಎಂದು ಹೊಸ ನಿಯಮ ಬಂದಾಗ ಅವಶೇಷದ ಹಕ್ಕು ದೊಡ್ಡ ಗುತ್ತಿಗೆದಾರರಿಗೆ ಹೋಗಿ, ಇವರು ಹೊರಗುಳಿಯುವ ಅಪಾಯವಿದೆ. ಹಾಗೆಂದು ಇದ್ದಂತೆಯೇ ಬಿಡುವಂತೆಯೂ ಇಲ್ಲ. ಕಲ್ನಾರಿನ ಶೀಟು, ಸೀಸದ ಬಣ್ಣ, ಕಾಂಕ್ರೀಟ್ ಒಡೆದಾಗ ಏಳುವ ಸಿಲಿಕಾ ಧೂಳು ಇವೆಲ್ಲ ಜೀವ ತೆಗೆಯುವಂಥವು. ಕಲ್ನಾರಿನಿಂದ ಬರುವ ಕಾಯಿಲೆ ಹತ್ತಾರು ವರ್ಷದ ಮೇಲೆ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕೆಲಸ ಕೊಟ್ಟವರು ಯಾರೆಂಬುದೇ ಮರೆತುಹೋಗಿರುತ್ತದೆ. ಕೆಡವುವ ಮೊದಲು ಕಟ್ಟಡ ತಪಾಸಣೆ ಮಾಡಿ, ಅಪಾಯದ ವಸ್ತುಗಳನ್ನು ತರಬೇತಿ ಪಡೆದವರಿಂದ ತೆಗೆಸಿ, ಆಮೇಲೆ ಈ ಕುಟುಂಬಗಳಿಗೂ ಪಾಲು ಕೊಡುವ ನಿಯಮ ಸಾಧ್ಯ. ಅದಿಲ್ಲದ ಮರುಬಳಕೆ ಗುರಿ ಇನ್ನೊಬ್ಬರ ಶ್ವಾಸಕೋಶದ ಮೇಲೆ ನಿಂತಿರುತ್ತದೆ.

ಹಳೆಯ ತೊಲೆಗೆ ಗ್ಯಾರಂಟಿ ಯಾರದು?

ಹೊಸ ಉಕ್ಕಿನ ತೊಲೆಗೆ ಕಾರ್ಖಾನೆಯ ಪ್ರಮಾಣಪತ್ರ ಇರುತ್ತದೆ. ಹಳೆಯದಕ್ಕೆ ಇರುವುದಿಲ್ಲ. ಅದು ಎಷ್ಟೇ ಗಟ್ಟಿಯಾಗಿದ್ದರೂ ಎಂಜಿನಿಯರ್ ಸಹಿ ಹಾಕಲು ಹಿಂಜರಿಯುತ್ತಾರೆ, ವಿಮಾ ಕಂಪನಿ ಇನ್ನೂ ಹಿಂಜರಿಯುತ್ತದೆ. ಒಂದೊಂದನ್ನೂ ಪರೀಕ್ಷೆ ಮಾಡಿಸಿದರೆ ಖರ್ಚು ಏರುತ್ತದೆ, ಆಗ ಹೊಸದೇ ಅಗ್ಗ. ಮರುಬಳಕೆ ನಿಂತುಹೋಗುವುದು ಎಷ್ಟೋ ಸಲ ತಂತ್ರಜ್ಞಾನ ಇಲ್ಲದ್ದಕ್ಕಲ್ಲ, ಈ ಕಾಗದ ಇಲ್ಲದ್ದಕ್ಕೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ಹೊರಡಿಸಿದ ಕಟ್ಟಡ ಸಾಮಗ್ರಿಗಳ ಹೊಸ ನಿಯಮ ಬಳಸಿದ ಸಾಮಗ್ರಿಗಳನ್ನೂ ಒಳಗೊಂಡಿದೆ, ಡಿಜಿಟಲ್ ಪಾಸ್‌ಪೋರ್ಟಿಗೂ ಜಾಗ ಮಾಡಿದೆ. ನೋಡಲು ಇದು ಕಚೇರಿಯ ಒಣ ವಿಷಯ. ಪರಿಣಾಮದಲ್ಲಿ ಹತ್ತು ಮರುಬಳಕೆ ಘಟಕಗಳಿಗಿಂತ ದೊಡ್ಡದಾಗಬಹುದು.

ಬೇರೆ ಉದ್ಯಮದ ಕಸವನ್ನು ನೆಚ್ಚಿಕೊಂಡರೆ

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ, ಉಕ್ಕಿನ ಕುಲುಮೆಯಲ್ಲಿ ಉಳಿಯುವ ಕಿಟ್ಟ ಅಂದರೆ ಸ್ಲ್ಯಾಗ್ ಇವನ್ನು ಸಿಮೆಂಟಿಗೆ ಬೆರೆಸುವುದು ಬಹಳ ಕಾಲದಿಂದ ನಡೆದಿದೆ. ಮಾಲಿನ್ಯ ಕಡಿಮೆ ಮಾಡಲು ಇದು ಒಳ್ಳೆಯ ದಾರಿಯೇ. ಜಿಪ್ಸಂ ಬೋರ್ಡಿಗೆ ಬೇಕಾದ ಜಿಪ್ಸಂನ ಒಂದು ಪಾಲೂ ಕಲ್ಲಿದ್ದಲು ಸ್ಥಾವರಗಳ ಹೊಗೆ ಶುದ್ಧೀಕರಣದಿಂದ ಬರುತ್ತದೆ. ಆದರೆ ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ನಿಂತಿತು. ಅದೇ ದಿನ ಪೋರ್ಟ್ ಟಾಲ್ಬಟ್ ಉಕ್ಕಿನ ಕಾರ್ಖಾನೆಯ ಕೊನೆಯ ಬ್ಲಾಸ್ಟ್ ಫರ್ನೇಸೂ ಆರಿತು. ಹವಾಮಾನಕ್ಕೆ ಇದು ಒಳ್ಳೆಯದು. ಆದರೆ ಅವುಗಳ ಬೂದಿ, ಸ್ಲ್ಯಾಗ್, ಜಿಪ್ಸಂ ನೆಚ್ಚಿಕೊಂಡವರು ಬೇರೆ ದಾರಿ ಹುಡುಕಲೇಬೇಕು.

ಅಂಥ ಒಂದು ದಾರಿ ಎಲ್‌ಸಿ3. ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ಭಾರತದ ಸಂಶೋಧಕರು ಸೇರಿ ಬೆಳೆಸಿದ ಈ ಸಿಮೆಂಟಿನಲ್ಲಿ ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲಿನ ಪುಡಿ ಬೆರೆಸುತ್ತಾರೆ. ಇಂಗಾಲದ ಮಾಲಿನ್ಯ ಶೇ 40ರವರೆಗೆ ಇಳಿಯುತ್ತದೆ. ಆದರೆ ಇದಕ್ಕೆ ಮತ್ತೆ ಮಣ್ಣು ಅಗೆಯಬೇಕು. ಮರುಬಳಕೆ ಮತ್ತು ಕಡಿಮೆ ಇಂಗಾಲ ಎರಡೂ ಯಾವಾಗಲೂ ಒಂದೇ ದಿಕ್ಕಿಗೆ ನಡೆಯುವುದಿಲ್ಲ. ನಿಯಮ ಬರೆಯುವವರು ಒಂದನ್ನೇ ಅಳೆದರೆ ಇನ್ನೊಂದು ಕೈತಪ್ಪುತ್ತದೆ.

ಮುಂದೆ ಏನಾಗಬಹುದು

ಯುರೋಪಿಯನ್ ಕಮಿಷನ್ 2026ಕ್ಕೆ ಸರ್ಕ್ಯುಲರ್ ಎಕಾನಮಿ ಕಾಯ್ದೆ ತರುವುದಾಗಿ ಹೇಳಿದೆ. ಗುಂಡಿ ತುಂಬಿದ್ದನ್ನು ಗುರಿಯಿಂದ ಹೊರಗಿಟ್ಟು, ಇಟ್ಟಿಗೆ, ಮರ, ಕಾಂಕ್ರೀಟಿಗೆ ಬೇರೆ ಬೇರೆ ಗುರಿ ಇಡಬೇಕು ಎಂಬ ಒತ್ತಾಯ ಬಹಳ ದಿನದಿಂದ ಇದೆ. ಹಾಗೆ ಮಾಡಿದರೆ ಹಲವು ದೇಶಗಳ ಮರುಬಳಕೆ ಅಂಕಿ ಒಮ್ಮೆಲೇ ಕುಸಿದಂತೆ ಕಾಣುತ್ತದೆ. ಅದು ಕುಸಿತವಲ್ಲ, ಅಳತೆ ನೆಟ್ಟಗಾದದ್ದು ಅಷ್ಟೇ. ಆ ಸುದ್ದಿ ಬಂದ ದಿನ ರಾಜಕಾರಣಿಗಳು ಹೆದರಿ ಹಿಂದೆ ಸರಿಯದಿರಲಿ.

ಡೆನ್ಮಾರ್ಕ್ ಇನ್ನೊಂದು ದಾರಿ ಹಿಡಿದಿದೆ. ಮರುಬಳಕೆಯ ಶೇಕಡಾವಾರು ಕೇಳುವ ಬದಲು, ಕಟ್ಟಡದ ಇಡೀ ಜೀವಮಾನದ ಇಂಗಾಲಕ್ಕೇ ಮಿತಿ ಹಾಕಿತು. 2023ರಿಂದ 1,000 ಚದರ ಮೀಟರ್ ಮೀರಿದ ಹೊಸ ಕಟ್ಟಡಗಳಿಗೆ ವರ್ಷಕ್ಕೆ ಚದರ ಮೀಟರಿಗೆ 12 ಕಿಲೋಗ್ರಾಂ ಎಂಬ ಮಿತಿ ಬಂತು. 2025ರ ಜುಲೈನಿಂದ ಅದನ್ನು ಸರಾಸರಿ 7.1 ಕಿಲೋಗ್ರಾಂಗೆ ಇಳಿಸಿದರು. ಮರ ಬಳಸುತ್ತೀರೋ, ಹಳೆಯ ಇಟ್ಟಿಗೆ ತರುತ್ತೀರೋ, ಕಾಂಕ್ರೀಟ್ ಕಡಿಮೆ ಮಾಡುತ್ತೀರೋ, ಅದು ಕಟ್ಟುವವರ ಆಯ್ಕೆ. ನನಗೆ ಇದು ಹೆಚ್ಚು ಪ್ರಾಮಾಣಿಕ ಅಳತೆ ಅನಿಸುತ್ತದೆ.

ಇದರಲ್ಲೂ ಒಂದು ಬಿರುಕಿದೆ. ಮಿತಿ ಇರುವುದು ಚದರ ಮೀಟರಿನ ಲೆಕ್ಕದಲ್ಲಿ. ಅಡುಗೆಮನೆ, ಬಚ್ಚಲು, ಲಿಫ್ಟು, ಪೈಪುಗಳ ಭಾರ ಚಿಕ್ಕ ಮನೆಯಲ್ಲಿ ಕಡಿಮೆ ಜಾಗಕ್ಕೆ ಹಂಚಿಕೆಯಾಗುತ್ತದೆ, ದೊಡ್ಡ ಮನೆಯಲ್ಲಿ ಹೆಚ್ಚು ಜಾಗಕ್ಕೆ. ಹೀಗಾಗಿ ಇಬ್ಬರು ವಾಸಿಸುವ ವಿಶಾಲ ಬಂಗಲೆ ಸುಲಭವಾಗಿ ಪಾಸಾಗಿ, ಐದು ಜನರ ಪುಟ್ಟ ಫ್ಲ್ಯಾಟ್ ಮಿತಿ ಮೀರಬಹುದು. ಒಬ್ಬರಿಗೆ ಎಷ್ಟು ಇಂಗಾಲ ಎಂದು ಲೆಕ್ಕ ಹಾಕಿದರೆ ಚಿತ್ರ ತಿರುಗುಮುರುಗಾಗುತ್ತದೆ. ಆ ಲೆಕ್ಕಕ್ಕೆ ಕೈ ಹಾಕಲು ಸರ್ಕಾರಗಳು ಇನ್ನೂ ಹಿಂಜರಿಯುತ್ತಿವೆ. ಯಾಕೆಂದರೆ ಅಲ್ಲಿಂದ ಮುಂದಿನ ಪ್ರಶ್ನೆ ಯಾರು ಎಷ್ಟು ದೊಡ್ಡ ಮನೆ ಕಟ್ಟಬಹುದು ಎಂಬುದು. ಮನೆಯೇ ಇಲ್ಲದ ಕೋಟ್ಯಂತರ ಜನರಿಗೆ ಸೂರು ಕಟ್ಟಬೇಕಾದ ದೇಶಗಳು ಅಂತರರಾಷ್ಟ್ರೀಯ ಮಾತುಕತೆಗಳಲ್ಲಿ ಇದೇ ಪ್ರಶ್ನೆಯನ್ನು ಕೇಳುವ ಸಾಧ್ಯತೆ ಹೆಚ್ಚು. ಈಗಾಗಲೇ ಕಟ್ಟಿ ಮುಗಿಸಿರುವ ದೇಶಗಳು ತಮ್ಮ ಕಟ್ಟಡಗಳನ್ನು ಕೆಡವದೆ ಉಳಿಸಿಕೊಂಡರೆ, ಹಾಗೆ ಉಳಿತಾಯವಾದ ಸಿಮೆಂಟಿನ ಇಂಗಾಲದ ಪಾಲು ಮನೆಯಿಲ್ಲದ ಆ ಜನರ ಮೊದಲ ಮನೆಗೆ ಸಿಗುತ್ತದೆ.